ಹನ್ನೊಂದನೆಯ ಬಾಟಲಿ

ಗುರುವಾರ, ಬೆಳಿಗ್ಗೆ ಹತ್ತೂವರೆ
ಲ್ಯಾಬಿನ ಕಿಟಕಿ ಪಕ್ಕದ ಮೇಜಿನಿಂದ

ರೀ,

ಹೀಗೆ ಕರೆಯಬಹುದೋ ಬೇಡವೋ ಎಂಬ ಯೋಚನೆಯಲ್ಲಿ ಮೂರು ಹಾಳೆ ಹರಿದು ಹಾಕಿದೆ. ಒಂದರಲ್ಲಿ ‘ಮಾನ್ಯರೇ’ ಎಂದು ಶುರು ಮಾಡಿದ್ದೆ. ಓದಿಕೊಂಡರೆ ನಲ್ಲಿ ಬಿಲ್ಲು ಕಟ್ಟಿಲ್ಲವೆಂದು ನೋಟಿಸು ಕೊಟ್ಟ ಹಾಗಿತ್ತು. ಇಪ್ಪತ್ತೊಂದು ವರ್ಷ ನಿಮ್ಮನ್ನು ಬೇರೆ ಏನೂ ಕರೆದವಳಲ್ಲ ನಾನು. ಏಳು ವರ್ಷ ಮಾತು ಬಿಟ್ಟ ಮಾತ್ರಕ್ಕೆ ಹೊಸದೊಂದು ಹೆಸರು ಎಲ್ಲಿಂದ ತರಲಿ? ಹಳೆಯದೇ ಇರಲಿ, ಸಿಟ್ಟು ಬಂದರೆ ಇಲ್ಲೇ ಓದುವುದು ನಿಲ್ಲಿಸಿ. ಆದರೆ ನೀವು ನಿಲ್ಲಿಸುವವರಲ್ಲ ಎಂದು ನನಗೆ ಗೊತ್ತು. ಪಂಪಿನ ಜೊತೆ ಬಂದ ಸೂಚನೆ ಪುಸ್ತಕವನ್ನೂ ಮೊದಲ ಪುಟದಿಂದ ಕೊನೆಯ ಪುಟದವರೆಗೆ ಓದಿದ ಮನುಷ್ಯ ನೀವು.

ಈ ಪತ್ರವನ್ನು ಪುಟ್ಟಿಯೇ ತಂದು ಕೊಡುತ್ತಾಳೆ. ಒಳಗೇನಿದೆ ಎಂದು ಅವಳಿಗೆ ಹೇಳಿಲ್ಲ. ನಿಮ್ಮಪ್ಪನಿಗೆ ಬರೆದದ್ದು, ನಿನಗಲ್ಲ ಎಂದೆ. “ಅಬ್ಬಾ, ಅಂತೂ ಬಾಯಿ ಬಿಟ್ಯಲ್ಲಮ್ಮ” ಎಂದು ನಕ್ಕಳು. ಆಮೇಲೆ ನನ್ನ ಮುಖ ನೋಡಿ ನಗು ನಿಲ್ಲಿಸಿದಳು. ತಿಂಗಳಿಗೊಮ್ಮೆ ನಿಮ್ಮ ವರ್ಕ್‌ಶಾಪಿಗೆ ಬಂದು ಹೋದಾಗಲೆಲ್ಲ ಅವಳು ನಿಮ್ಮ ಸುದ್ದಿ ಹೇಳುತ್ತಾಳೆ. ನಾನು ಕೇಳುವುದಿಲ್ಲ, ಅವಳಾಗಿಯೇ ಹೇಳುತ್ತಾಳೆ, ನಾನು ಪಾತ್ರೆ ತೊಳೆಯುವ ಸದ್ದು ಕಡಿಮೆ ಮಾಡುತ್ತೇನೆ. ನಿಮ್ಮ ಎಡಗಣ್ಣಿನ ಪೊರೆ ತೆಗೆಸಿದ್ದು, ಮೋಟಾರಿಗೆ ತಂತಿ ಸುತ್ತುವಾಗ ಈಗ ಕನ್ನಡಕ ಬೇಕಾಗುವುದು, ಊಟಕ್ಕೆ ಹೊತ್ತುಗೊತ್ತು ಇಲ್ಲದ್ದು, ಎಲ್ಲವೂ ನನಗೆ ಗೊತ್ತು.

ವಿಷಯಕ್ಕೆ ಬರುತ್ತೇನೆ. ಬರುವ ಸೋಮವಾರ ಹನ್ನೊಂದು ಗಂಟೆಗೆ ಆಸ್ಪತ್ರೆಯ ದೊಡ್ಡ ಹಾಲಿನಲ್ಲಿ ಸಭೆ ಇದೆ. ನಮ್ಮಲ್ಲಿ ಕೊಳೆನೀರಿನ ಕಾಲುವೆಗೆ ಹಾಕಿದ ಯುವಿ ದೀಪಗಳನ್ನೇ ಇನ್ನೂ ಮೂರು ಆಸ್ಪತ್ರೆಗಳಿಗೆ ಹಾಕಿಸುತ್ತಾರಂತೆ. ಅದೇ ದೀಪ, ಅದೇ ಅಳತೆಯ ಕಾಲುವೆ, ಆರು ತಿಂಗಳಿಗೊಮ್ಮೆ ತೊಳೆದರೆ ಸಾಕೆನ್ನುವ ಅದೇ ನಿಯಮ. ಅದಕ್ಕೆಲ್ಲ ಆಧಾರ ಏಳು ವರ್ಷದ ಹಿಂದೆ ನಾನು ಬರೆದುಕೊಟ್ಟ ವರದಿ. ಮುಂದಿನ ತಿಂಗಳು ನಿವೃತ್ತಿಯಾಗುವ ಹಿರಿಯಳು ಎಂದು ಶಿಫಾರಸನ್ನೂ ನನ್ನ ಬಾಯಿಂದಲೇ ಓದಿಸಿ, ಚಪ್ಪಾಳೆ ಹೊಡೆಸಿ, ಮನೆಗೆ ಕಳಿಸುವ ಏರ್ಪಾಟು ನಡೆದಿದೆ.

ಆ ವರದಿ ಸುಳ್ಳು.

ಈ ಮೂರು ಪದ ಬರೆದ ಮೇಲೆ ಎದ್ದು ಹೋಗಿ ನೀರು ಕುಡಿದು ಬಂದೆ. ಸೋಮವಾರ ಇದನ್ನೇ ನಿಂತು ಹೇಳಬೇಕು. ಅಲ್ಲಿ ನಾಲಿಗೆ ತಡವರಿಸಬಾರದೆಂದು ಮೊದಲು ನಿಮಗೆ ಒಪ್ಪಿಸುತ್ತಿದ್ದೇನೆ, ಶಾಲೆಯ ಮಗು ಪಾಠ ಒಪ್ಪಿಸಿದ ಹಾಗೆ. ಅರ್ಧಕ್ಕರ್ಧ ನಿಮಗೆ ಗೊತ್ತಿರುವುದೇ. ಆದರೂ ತಾಳ್ಮೆಯಿಂದ ಓದಿ.

ರೋಗಿಗಳು ನುಂಗಿದ ಆಂಟಿಬಯಾಟಿಕ್ ಪೂರ್ತಿ ಮೈಗೆ ಹತ್ತುವುದಿಲ್ಲ. ಒಂದಷ್ಟು ಹಾಗೇ ಹೊರಬಿದ್ದು ಕೊಳೆನೀರಿಗೆ ಸೇರುತ್ತದೆ. ನೀರಿನ ಕ್ರಿಮಿಗಳು ಆ ಚೂರುಪಾರು ಮದ್ದಿನಲ್ಲೇ ಬೆಳೆದು ಗಟ್ಟಿಯಾದರೆ, ನಾಳೆ ಯಾರದೋ ಮೈ ಹೊಕ್ಕಾಗ ಅದೇ ಮದ್ದು ಅವಕ್ಕೆ ನಾಟುವುದಿಲ್ಲ. ಯುವಿ ದೀಪ ಹಾಕಿದ್ದು ಅದಕ್ಕೇ. ಆ ಕಣ್ಣಿಗೆ ಕಾಣದ ಬೆಳಕು ಸಾಕಷ್ಟು ಹೊತ್ತು ಬಿದ್ದರೆ ಮದ್ದಿನ ಕಣ ಒಡೆದುಹೋಗುತ್ತದೆ. ಬಿಸಿಲಿನಲ್ಲಿ ಬಟ್ಟೆಯ ಬಣ್ಣ ಮಾಸುತ್ತದಲ್ಲ, ಆ ಜಾತಿಯ ಕೆಲಸವೇ. ಆದರೆ ಬೆಳಕು ನೀರಿಗೆ ತಲುಪಬೇಕು. ಆ ದೀಪದ ಕೋಣೆ ನೋಡಿಕೊಳ್ಳುತ್ತಿದ್ದ ನೀವು ಬಡಕೊಂಡದ್ದು ಇದನ್ನೇ.

ದೀಪಗಳನ್ನು ಮುಚ್ಚಿದ ಗಾಜಿನ ಕೊಳವೆಗಳ ಮೇಲೆ ಬಿಳಿ ಸುಣ್ಣದ ಪೊರೆ ಕಟ್ಟುತ್ತಿದೆ, ಹದಿನೈದು ದಿನಕ್ಕೊಮ್ಮೆ ತೆಳು ಆಸಿಡ್ಡಿನಲ್ಲಿ ಒರೆಸದಿದ್ದರೆ ಅರ್ಧ ಬೆಳಕೂ ಹೊರಬರುವುದಿಲ್ಲ ಎಂದು ನೀವು ದಿನಾ ಲಾಗ್ ಪುಸ್ತಕದಲ್ಲಿ ಬರೆದಿರಿ. ಮೀಟರು ಹಸಿರು ತೋರಿಸುತ್ತಿತ್ತು, ಯಾಕೆಂದರೆ ಅದರ ಕಣ್ಣಿದ್ದದ್ದು ಹೊಸದಾಗಿ ಹಾಕಿದ ಒಂದೇ ದೀಪದ ಪಕ್ಕ. ನೀವೇ ಒರೆಸೋಣವೆಂದರೆ ಸೀಲು ಒಡೆದರೆ ಗ್ಯಾರಂಟಿ ಹೋಗುತ್ತದೆ ಎಂದು ಕಂಪನಿಯವರು ಕೈ ಕಟ್ಟಿಹಾಕಿದ್ದರು. “ದೀಪ ಉರೀತಿದೆಯಲ್ಲ, ಇನ್ನೇನ್ ಬೇಕು ನಿಮಗೆ?” ಎಂದು ದೊಡ್ಡ ಇಂಜಿನಿಯರ್ ಕೇಳಿದ್ದಕ್ಕೆ, “ದೀಪ ಉರಿದ್ರೆ ಆಗಲ್ಲ ಸಾರ್, ಬೆಳಕು ನೀರಿಗೆ ಬೀಳಬೇಕು” ಎಂದಿರಂತೆ. ಆ ಮಾತನ್ನು ಕ್ಯಾಂಟೀನಿನಲ್ಲಿ ಎಲ್ಲರೂ ಆಡಿಕೊಂಡು ನಕ್ಕರು. ನಾನೂ ನಕ್ಕಿದ್ದೆ. ಇದನ್ನೂ ಒಪ್ಪಿಕೊಂಡು ಬಿಡುತ್ತೇನೆ.

ಕೊನೆಗೆ ಇಂಜಿನಿಯರ್, ಲ್ಯಾಬೇ ತೀರ್ಮಾನಿಸಲಿ ಎಂದರು. ಲ್ಯಾಬು ಅಂದರೆ ನಾನು. ಕಾರಿಡಾರಿನಲ್ಲಿ ಅಂದಿನಿಂದಲೇ ಗುಸುಗುಸು ಶುರುವಾಯಿತು. ಗಂಡ ದೂರು ಕೊಡೋದು, ಹೆಂಡತಿ ತೀರ್ಪು ಹೇಳೋದು, ಚೆನ್ನಾಗಿದೆ ಇವರ ಸಂಸಾರ ಎಂದು ನನಗೆ ಕೇಳಿಸುವ ಹಾಗೆಯೇ ಹೇಳಿದರು. ನನಗೋ ಮೊದಲೇ ಮೂಗಿನ ತುದಿಯಲ್ಲಿ ಕೋಪ. ಗಂಡ ಅಂತ ಕೂದಲೆಳೆಯಷ್ಟೂ ಬಿಟ್ಟುಕೊಡುವುದಿಲ್ಲ, ನೋಡಲಿ ಎಲ್ಲರೂ ಎಂದು ಹಲ್ಲು ಕಚ್ಚಿಕೊಂಡೆ.

ಆ ಬುಧವಾರ ನಿಮಗೂ ನೆನಪಿರಬೇಕು. ಸ್ಯಾಂಪಲ್ ತೆಗೆಯುವ ದಿನ ನೀವು ಕಾಲುವೆ ಬಿಟ್ಟು ಅಲ್ಲಾಡುವುದಿಲ್ಲವೆಂದು ಬೆಳಿಗ್ಗೆ ಬುತ್ತಿ ಕಟ್ಟಿ ಕೊಟ್ಟಿದ್ದೆ. ದೀಪಕ್ಕೆ ಮುಂಚಿನ ನೀರು ಹತ್ತು ಬಾಟಲಿ, ದೀಪ ದಾಟಿದ ನೀರು ಹನ್ನೊಂದು ಬಾಟಲಿ ತುಂಬಿದೆ. ಹತ್ತು ಲೆಕ್ಕಕ್ಕೆ, ಒಂದು ಒಡೆದರೆ ಇರಲಿ ಎಂದು. ಅಂಗೈಯಲ್ಲಿ ಮುಚ್ಚಿಕೊಳ್ಳುವಷ್ಟು ಸಣ್ಣ ಬಾಟಲಿಗಳು. ಕಂದು ಬಾಟಲಿಗಳೆಲ್ಲ ತೊಳೆಯಲು ಹೋಗಿದ್ದರಿಂದ ಬಿಳಿ ಗಾಜಿನವನ್ನೇ ತೆಗೆದುಕೊಂಡಿದ್ದೆ. ಬಿಳಿ ಬಾಟಲಿಯಾದರೆ ಮೈಪೂರ್ತಿ ಫಾಯಿಲ್ ಸುತ್ತಬೇಕು, ಬೆಳಕು ತಾಗಬಾರದು. ಲ್ಯಾಬಿಗೆ ಬಂದ ಮೊದಲ ದಿನ ನನಗೆ ಕಲಿಸಿದ ಮೊದಲ ಪಾಠವೇ ಅದು.

ಯಂತ್ರ ಒಂದು ಬಾಟಲಿಗೆ ಇಪ್ಪತ್ತು ನಿಮಿಷ ತಿನ್ನುತ್ತದೆ. ಮುಂಚಿನ ನೀರಿನ ಹತ್ತನ್ನು ಯಂತ್ರದ ಪಕ್ಕದ ಟ್ರೇಯಲ್ಲಿ, ನೆರಳಿನಲ್ಲಿ ಇಟ್ಟೆ. ಅಲ್ಲಿ ಜಾಗ ಮುಗಿಯಿತು. ದೀಪ ದಾಟಿದ ನೀರಿನ ಬಾಟಲಿಗಳನ್ನು ಕಿಟಕಿಯ ಕಟ್ಟೆ ಮೇಲೆ ಸಾಲಾಗಿ ಇಟ್ಟು, ಸುತ್ತೋಣವೆಂದು ಡ್ರಾಯರ್ ತೆಗೆದರೆ ಫಾಯಿಲ್ ಸುರುಳಿ ಮುಗಿದಿತ್ತು. ರಟ್ಟಿನ ಕೊಳವೆಗೆ ಅಂಗೈಯಗಲ ಅಂಟಿಕೊಂಡಿತ್ತು, ಅಷ್ಟೇ. ಕೈಯಲ್ಲಿ ಉಳಿದಿದ್ದ ಹನ್ನೊಂದನೆಯ ಬಾಟಲಿಗೆ ಅದನ್ನು ಸುತ್ತಿದೆ. ಸ್ಟೋರಿನವರು ನಾಳೆ ಬರುತ್ತದೆ ಎಂದರು. ಸುರುಳಿ ಯಾಕೆ ಮುಗಿದಿತ್ತು ಎನ್ನುವುದನ್ನು ಇಲ್ಲಿ ಬರೆಯಲಾರೆ. ಉಳಿದ ಹತ್ತನ್ನು ಎಲ್ಲಾದರೂ ಕಪಾಟಿನೊಳಗೆ ಇಡಬಹುದಿತ್ತು. ಒಂದು ಟವೆಲ್ಲು ಹೊದಿಸಿದ್ದರೂ ಆಗುತ್ತಿತ್ತು. ಸ್ವಲ್ಪ ಹೊತ್ತಿಗೆ ಏನಾದೀತು ಎಂದುಕೊಂಡೆ. ಸೆಕೆಗೆ ಕಿಟಕಿ ಪೂರ್ತಿ ತೆರೆದಿತ್ತು. ಹತ್ತು ಗಂಟೆಯಿಂದ ಒಂದೂವರೆಯವರೆಗೆ ಆ ಬಾಟಲಿಗಳ ಮೇಲೆ ನೇರ ಬಿಸಿಲು ಬಿತ್ತು.

ಬಿಸಿಲಿನಲ್ಲೂ ಆ ಕಾಣದ ಬೆಳಕು ಇದೆ. ನಮ್ಮ ದೀಪದಷ್ಟು ಚುರುಕಲ್ಲ, ಆದರೆ ನಾವು ಹುಡುಕುತ್ತಿದ್ದ ಮದ್ದು ಬಿಸಿಲಿಗೂ ತಾಳುವಂಥದ್ದಲ್ಲ. ಕಾಲುವೆಯಲ್ಲಿ ನಿಮ್ಮ ಮಸುಕು ದೀಪಗಳು ಮಾಡದೆ ಬಿಟ್ಟ ಕೆಲಸವನ್ನು ನನ್ನ ಕಿಟಕಿಯ ಸೂರ್ಯ ಮಾಡಿ ಮುಗಿಸಿದ. ಮಧ್ಯಾಹ್ನದ ಮೇಲೆ ಒಂದೊಂದೇ ರೀಡಿಂಗ್ ಬಂತು. ಮುಂಚಿನ ನೀರಿನಲ್ಲಿ ನೂರು ಪಾಲು ಇದ್ದದ್ದು ಆರು, ಏಳು, ಐದು, ಏಳು. ಹತ್ತನೆಯದು ಬಂದಾಗ ಇಂಜಿನಿಯರ್ ನನ್ನ ಬೆನ್ನ ಹಿಂದೆಯೇ ನಿಂತಿದ್ದರು. ಸುತ್ತ ಇದ್ದವರಿಗೆಲ್ಲ ಕೇಳುವ ಹಾಗೆ, “ನೋಡಿ, ಪಕ್ಷಪಾತ ಮಾಡದೆ ಕೆಲಸ ಮಾಡೋದು ಅಂದ್ರೆ ಇದು” ಎಂದರು. ನಾನು ಉಬ್ಬಿಹೋದೆ ಕಣ್ರೀ. ನೀವು ಸೋತಿರೆನ್ನುವುದು ಆ ಕ್ಷಣ ನನಗೆ ಹೊಳೆಯಲೂ ಇಲ್ಲ.

ಐದು ಗಂಟೆಗೆ, ಎಲ್ಲರೂ ಹೋದ ಮೇಲೆ, ಅಭ್ಯಾಸಬಲದಿಂದ ಹನ್ನೊಂದನೆಯ ಬಾಟಲಿಯನ್ನೂ ಯಂತ್ರಕ್ಕೆ ಕೊಟ್ಟೆ. ಅರವತ್ತೊಂದು.

ಅರ್ಧ ಬೆಳಕೂ ಹೋಗುತ್ತಿಲ್ಲ ಎಂದಿದ್ದಿರಿ. ಯಂತ್ರವೂ ಅದನ್ನೇ ಹೇಳಿತು. ಫಾಯಿಲ್ ಇದ್ದದ್ದು ಅದೊಂದಕ್ಕೇ. ಅದೊಂದೇ ನಿಜ, ಉಳಿದ ಹತ್ತೂ ಬಿಸಿಲಿನ ಆಟ ಎಂದು ತಿಳಿಯಲು ನನಗೆ ಐದು ನಿಮಿಷವೂ ಬೇಕಾಗಲಿಲ್ಲ. ಇಷ್ಟು ವರ್ಷ ಅದು ತಪ್ಪಾಗಿತ್ತು, ಗೊತ್ತಾಗಲಿಲ್ಲ ಎಂದು ನನಗೆ ನಾನೇ ಹೇಳಿಕೊಂಡು ಬಂದಿದ್ದೇನೆ, ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗೆ. ಗೊತ್ತಾಗಿತ್ತು. ಮರುದಿನ ಹೊಸದಾಗಿ ಸ್ಯಾಂಪಲ್ ತೆಗೆಯಬಹುದಿತ್ತು. ಆದರೆ ಬಾಟಲಿ ಸುತ್ತಿರಲಿಲ್ಲ ಎನ್ನಬೇಕು, ಯಾಕೆ ಸುತ್ತಲಿಲ್ಲ ಎಂದು ಕೇಳುತ್ತಾರೆ, ಎರಡನೇ ಸಲ ನಿಮ್ಮ ಪರ ಬಂದರೆ ಮನೆಯಲ್ಲಿ ಗಂಡ ಕಿವಿ ಹಿಂಡಿದ ಎನ್ನುತ್ತಾರೆ. ವರದಿಯ ಫಾರ್ಮಿನಲ್ಲಿ ಹತ್ತೇ ಸಾಲುಗಳಿದ್ದವು. ಹತ್ತು ತುಂಬಿಸಿ ಸಹಿ ಹಾಕಿದೆ. ಸುಳ್ಳು ಬರೆಯುವ ಕಷ್ಟವೂ ನನಗೆ ಬರಲಿಲ್ಲ. ಹನ್ನೊಂದನೆಯದಕ್ಕೆ ಜಾಗವೇ ಇರಲಿಲ್ಲ.

ಶುಕ್ರವಾರ ವರದಿ ಹೊರಬಿತ್ತು. ಆ ಸಂಜೆ ನೀವು ಅಡುಗೆಮನೆ ಬಾಗಿಲಲ್ಲಿ ನಿಂತು ಒಂದೇ ಒಂದು ಪ್ರಶ್ನೆ ಕೇಳಿದಿರಿ: “ಬಾಟಲಿಗಳನ್ನ ಎಲ್ಲಿಟ್ಟಿದ್ದೆ?” ದನಿ ಏರಿಸಲಿಲ್ಲ. ಕುಂಬಳಕಾಯಿ ಕಳ್ಳ ಅಂದರೆ ಹೆಗಲು ಮುಟ್ಟಿ ನೋಡಿಕೊಂಡ ಹಾಗೆ ನಾನೇ ಹಾರಾಡಿದೆ. ನನ್ನ ಕೆಲಸ ನನಗೆ ಗೊತ್ತು, ನಿಮ್ಮ ಸೋಲನ್ನು ನನ್ನ ತಲೆಗೆ ಕಟ್ಟಬೇಡಿ, ಹದಿನಾರು ವರ್ಷದ ಮಗಳ ಮುಂದೆ ನನ್ನನ್ನು ಕಳ್ಳಿ ಮಾಡಬೇಡಿ ಎಂದೆ. ನೀವು ಕಳ್ಳಿ ಅಂದೇ ಇರಲಿಲ್ಲ. ಹೋಗಿ ಕೈಕಾಲು ತೊಳೆದು ಬಂದು ಊಟಕ್ಕೆ ಕೂತಿರಿ. ಮತ್ತೆ ಯಾವತ್ತೂ ಕೇಳಲಿಲ್ಲ.

ಸೋಮವಾರ ನಿಮ್ಮನ್ನು ದೀಪದ ಕೋಣೆಯಿಂದ ತೆಗೆದು ತೋಟದ ಪಂಪಿಗೆ ಹಾಕಿದರು. ಲಾಗ್ ಪುಸ್ತಕದಲ್ಲಿ ಸುಳ್ಳು ಬರೆದವನು, ಕೆಲಸಗಳ್ಳ, ಯಂತ್ರದ ಮೇಲೆ ಗೂಬೆ ಕೂರಿಸುವವನು ಎಂಬ ಹೆಸರು ಬಂತು. ಹತ್ತೊಂಬತ್ತು ವರ್ಷ ಒಂದು ದಿನವೂ ತಡವಾಗಿ ಹೋಗದ ನಿಮಗೆ! ಇಪ್ಪತ್ತು ದಿನ ನಮ್ಮಿಬ್ಬರ ನಡುವೆ ಉಪ್ಪು ಕೊಡು, ಬಾಗಿಲು ಹಾಕು ಎನ್ನುವಷ್ಟೇ ಮಾತು. ಇಪ್ಪತ್ತೊಂದನೆಯ ದಿನ ಕೆಲಸವನ್ನೂ ಬಿಟ್ಟು, ಒಂದು ಬ್ಯಾಗು, ಟಾರ್ಚು, ನೀಲಿ ರಟ್ಟಿನ ನಿಮ್ಮ ಸ್ವಂತ ನೋಟ್‌ಬುಕ್ಕು ಹಿಡಿದು ಹೊರಟಿರಿ. ತಡೆಯಬೇಕಿತ್ತು. ನಿಲ್ಲಿ ಎಂದರೆ ಯಾಕೆ ಎಂದು ಹೇಳಬೇಕಾಗುತ್ತಿತ್ತು. ಅಡಕೆಗೆ ಹೋದ ಮಾನ ಆನೆ ಕೊಟ್ಟರೂ ಬರುವುದಿಲ್ಲ ಎನ್ನುತ್ತಾರಲ್ಲ, ಹೋದದ್ದು ನನ್ನ ಅಡಕೆ, ನಿಮ್ಮ ಮಾನ.

ಈಗ ಯಾಕೆ ಬಾಯಿ ಬಿಡುತ್ತಿದ್ದೇನೆ ಎಂದು ಕೇಳುತ್ತೀರಿ. ಮೂರು ವಾರದ ಹಿಂದೆ ಪುಟ್ಟಿ ನರ್ಸ್ ಡ್ಯೂಟಿ ಮುಗಿಸಿ ವಾರ್ಡಿನಿಂದ ಬಂದವಳು ಚಪ್ಪಲಿಯನ್ನೂ ಬಿಡದೆ ಮೆಟ್ಟಿಲ ಮೇಲೆ ಕೂತುಬಿಟ್ಟಳು. ಒಬ್ಬ ಬಾಣಂತಿಗೆ ಮದ್ದು ನಾಟಲಿಲ್ಲವಂತೆ. ಒಂದಾದ ಮೇಲೆ ಒಂದು, ಮೂರು ಬಗೆ ಬದಲಿಸಿದರಂತೆ. “ಮೊದ್ಲೆಲ್ಲ ಎರಡೇ ದಿನಕ್ಕೆ ಜ್ವರ ಇಳೀತಿತ್ತು ಅಂತ ಸಿಸ್ಟರ್ ಹೇಳ್ತಾರಮ್ಮ, ಈಗ ಏನಾಗಿದೆಯೋ” ಎಂದು ಅತ್ತಳು. ಆ ಹೆಂಗಸು ಉಳಿಯಲಿಲ್ಲ. ಆ ಸಾವಿಗೂ ನನ್ನ ಬಾಟಲಿಗಳಿಗೂ ಗಂಟು ಹಾಕಲು ನನ್ನ ಹತ್ತಿರ ಆಧಾರವಿಲ್ಲ. ಲ್ಯಾಬಿನವಳಾಗಿ ಇಷ್ಟೇ ಹೇಳಬಲ್ಲೆ. ಆದರೆ ಏಳು ವರ್ಷ ಆ ಕಾಲುವೆಯಿಂದ ಕೆರೆಗೆ ಏನು ಹರಿಯಿತೆಂದು ನಮ್ಮಿಬ್ಬರಿಗೆ ಮಾತ್ರ ಗೊತ್ತು, ಮತ್ತು ನಾನು ನಮ್ಮಿಬ್ಬರಲ್ಲಿ ಸುಮ್ಮನಿದ್ದವಳು. ಪುಟ್ಟಿಯ ಬೆನ್ನು ಸವರುತ್ತ ಕೂತಿದ್ದೆ, ನನ್ನ ಕೈ ನನಗೇ ಭಾರವಾಗಿತ್ತು.

ಮರುದಿನವೇ ಕೆಲಸ ಶುರು ಮಾಡಿದೆ. ಗ್ಯಾರಂಟಿ ಎಂದೋ ಮುಗಿದಿತ್ತು, ಸೀಲು ಒಡೆಸಿ ಎರಡು ಕೊಳವೆಗಳನ್ನು ಹೊರತೆಗೆಸಿದೆ. ಬಿಳಿ ಪೊರೆ ಉಗುರಿಗೆ ಸಿಗುವಷ್ಟು ದಪ್ಪವಿತ್ತು. ಮೊದಲು ಹಾಗೇ ಬಿಟ್ಟು, ಆಮೇಲೆ ನೀವು ಆಗ ಹೇಳುತ್ತಿದ್ದ ಹದದಲ್ಲಿ ಎಲ್ಲ ಕೊಳವೆಗಳನ್ನೂ ಆಸಿಡ್ಡಿನಲ್ಲಿ ಒರೆಸಿ, ಎರಡು ಸಲವೂ ಬಾಟಲಿಗಳಿಗೆ ಎರಡೆರಡು ಸುತ್ತು ಫಾಯಿಲ್ ಹಾಕಿ ನೋಡಿದೆ. ಪೊರೆ ಇದ್ದಾಗ ಉಳಿದದ್ದು ಎಪ್ಪತ್ತು ಪಾಲು. ಒರೆಸಿದ ಮೇಲೆ ನಾಲ್ಕು. ಹದಿನೈದು ದಿನ ಬಿಟ್ಟು ನಿನ್ನೆ ನೋಡಿದರೆ ಮತ್ತೆ ಇಪ್ಪತ್ತರ ಹತ್ತಿರ. ದೀಪ ಮೋಸ ಮಾಡಿರಲಿಲ್ಲ. ನೀವೂ ಮಾಡಿರಲಿಲ್ಲ. ಮಧ್ಯೆ ನಿಂತು ಮೋಸ ಮಾಡಿದವಳು ನಾನೊಬ್ಬಳೇ.

ಇನ್ನೊಂದು ಮಾತು. ಮದ್ದು ಒಡೆಯಿತು ಸರಿ, ಒಡೆದ ಚೂರುಗಳು ಏನಾದವು ಎಂದು ನೀವು ಒಮ್ಮೆ ಕೇಳಿದ್ದಿರಿ. ಪಂಪು ನೋಡಿಕೊಳ್ಳುವವರಿಗೆ ಯಾಕೆ ಕೆಮಿಸ್ಟ್ರಿ ಎಂದು ಗೇಲಿ ಮಾಡಿದ್ದೆ. ನಮ್ಮ ಯಂತ್ರ ಇಡೀ ಮದ್ದನ್ನು ಮಾತ್ರ ಹುಡುಕುತ್ತದೆ, ಚೂರುಗಳನ್ನು ಗುರುತಿಸುವುದಿಲ್ಲ. ಈ ಸಲ ಅದನ್ನೂ ನೋಡಿದೆ. ತಟ್ಟೆಯಲ್ಲಿ ಕ್ರಿಮಿ ಬೆಳೆಸಿ, ನಡುವೆ ದೀಪ ದಾಟಿದ ನೀರಿನಲ್ಲಿ ಅದ್ದಿದ ಕಾಗದದ ಬಿಲ್ಲೆ ಇಟ್ಟೆ. ಒರೆಸಿದ ದೀಪದ ಬೆಳಕು ಮಾಮೂಲಿಗಿಂತ ಸ್ವಲ್ಪ ಹೆಚ್ಚು ಹೊತ್ತು ಬಿದ್ದ ನೀರಿನಲ್ಲಿ ಮದ್ದು ಇಲ್ಲವೇ ಇಲ್ಲವೆಂದು ಯಂತ್ರ ಹೇಳಿತು, ಆದರೂ ಬಿಲ್ಲೆಯ ಸುತ್ತ ಕ್ರಿಮಿ ಬೆಳೆಯದ ಉಂಗುರ ಕಾಣಿಸಿತು. ಚೂರುಗಳಲ್ಲೂ ಮದ್ದಿನ ಗುಣ ಉಳಿದಿತ್ತು. ನೀರನ್ನು ಇನ್ನೂ ನಿಧಾನವಾಗಿ ಬಿಟ್ಟು, ಅದಕ್ಕಿಂತಲೂ ಹೆಚ್ಚು ಹೊತ್ತು ಬೆಳಕು ಬೀಳಿಸಿದಾಗ ಮಾತ್ರ ಉಂಗುರ ಹೋಯಿತು. ಕಾಣಿಸದ್ದೆಲ್ಲ ಇಲ್ಲವೆಂದಲ್ಲ ಎನ್ನುವುದು ನನ್ನ ಓದಿಗಿಂತ ನಿಮ್ಮ ಅನುಭವಕ್ಕೆ ಮೊದಲು ತಿಳಿದಿತ್ತು. ಸೋಮವಾರ ಇದನ್ನು ಹೇಳುವಾಗ, ಈ ಪ್ರಶ್ನೆ ಮೊದಲು ಕೇಳಿದವರು ಯಾರು ಎಂದೂ ಹೇಳುತ್ತೇನೆ.

ಈಗ ನಿಮ್ಮಿಂದ ಒಂದು ಬೇಕು. ಹನ್ನೊಂದನೆಯ ಬಾಟಲಿಯ ಗ್ರಾಫ್ ನನ್ನ ಹತ್ತಿರ ಇದೆ, ಪುಟ್ಟಿಯ ಚುಚ್ಚುಮದ್ದಿನ ಕಾರ್ಡಿನ ಒಳಗೆ ಮಡಚಿಟ್ಟಿದ್ದೆ. ಆದರೆ ಒಂದು ಗ್ರಾಫ್ ಹಿಡಿದುಕೊಂಡು ನಿಂತರೆ, ವಯಸ್ಸಾಯಿತು, ಗಂಡನ ನೆನಪು ಬಂದಿದೆ ಎಂದು ತಳ್ಳಿಹಾಕುತ್ತಾರೆ. ಆಗಿನ ಲಾಗ್ ಪುಸ್ತಕ ಆಫೀಸಿನಲ್ಲಿ ಸಿಗುತ್ತಿಲ್ಲ. ದಿನಾ ಎಷ್ಟು ಪೊರೆ ಕಟ್ಟಿತು, ಯಾವ ದೀಪ ಎಷ್ಟು ಮಸುಕು ಎಂದು ನೀವು ಬರೆದಿಟ್ಟ ನೀಲಿ ನೋಟ್‌ಬುಕ್ಕು ಒಂದೇ ಉಳಿದಿರುವುದು. ಸೋಮವಾರ ಅದನ್ನು ತನ್ನಿ. ಬರಲು ಮನಸ್ಸಾಗದಿದ್ದರೆ ಪುಟ್ಟಿಯ ಕೈಲಿ ಕಳಿಸಿ. ಅದನ್ನೂ ಕೊಡಲಾರೆ ಎಂದರೆ ನನ್ನ ತಕರಾರಿಲ್ಲ, ಬರೀ ಬಾಯಿಮಾತಿನಲ್ಲೇ ಹೇಳುತ್ತೇನೆ. ಮೂರು ಊರಿನ ನೀರು ನನ್ನ ಸಹಿಯ ಮೇಲೆ ಹರಿಯುವುದು ಬೇಡ. ನಿಮ್ಮ ಹೆಸರಿನ ಮೇಲೆ ನಾನು ಬಳಿದ ಮಸಿಯನ್ನು ನಾನೇ, ಬಳಿದ ಜಾಗದಲ್ಲೇ ನಿಂತು ಒರೆಸಬೇಕು.

ಮನೆಗೆ ಬನ್ನಿ ಎಂದು ಕರೆಯುವ ಬಾಯಿ ನನಗಿಲ್ಲ. ಕ್ಷಮಿಸಿ ಎಂದು ಬರೆದು ಎರಡು ಸಲ ಹೊಡೆದುಹಾಕಿದೆ, ಸೋಮವಾರ ಆದ ಮೇಲೆ ಕೇಳುವ ಯೋಗ್ಯತೆ ಬಂದರೆ ಎದುರಿಗೇ ಕೇಳುತ್ತೇನೆ. ಕಣ್ಣಿನ ಹನಿಗಳನ್ನು ಹೊತ್ತಿಗೆ ಸರಿಯಾಗಿ ಹಾಕಿಕೊಳ್ಳಿ. ಊಟವನ್ನು ಮೂರು ಗಂಟೆಯವರೆಗೆ ಎಳೆಯಬೇಡಿ.

‘ನಿಮ್ಮ’ ಎಂದು ಬರೆಯುವ ಹಕ್ಕು ಉಳಿದಿದೆಯೋ ತಿಳಿಯದ,
ಪುಟ್ಟಿಯ ಅಮ್ಮ

ತಾ.ಕ.: ಸುರುಳಿ ಯಾಕೆ ಮುಗಿದಿತ್ತೆಂದು ಬರೆಯಲಾರೆ ಎಂದಿದ್ದೆ. ಸಹಿ ಹಾಕಿದ ಮೇಲೆ ಅಷ್ಟು ಮುಚ್ಚಿಟ್ಟರೂ ಮತ್ತೊಂದು ಸುಳ್ಳು ವರದಿಯೇ ಆಗುತ್ತದೆ ಎನಿಸಿತು. ಲಕೋಟೆಯಲ್ಲಿ ನಾಲ್ಕು ಮಡಿಕೆಯ ಫಾಯಿಲ್ ಹಾಳೆ ಇದೆ, ನೋಡಿ. ಆಗ ಸ್ಯಾಂಪಲ್ಲಿನ ಹಿಂದಿನ ದಿನ, ಮಂಗಳವಾರ ಸಂಜೆ ಲ್ಯಾಬಿನ ಸುರುಳಿಯಿಂದ ನಾನು ಹರಿದು ಮನೆಗೆ ತಂದದ್ದು ಅದು. ಕಾಲುವೆ ಹತ್ತಿರ ನಿಂತು ತಣ್ಣಗಾದದ್ದನ್ನು ನುಂಗುತ್ತೀರಲ್ಲ ಎಂದು ಬುಧವಾರ ನಿಮ್ಮ ಬುತ್ತಿಗೆ ಸುತ್ತಿ ಕೊಟ್ಟಿದ್ದೆ. ಸಂಜೆ ನೀವು ಅದನ್ನು ತೊಳೆದು, ಒರೆಸಿ, ಮಡಚಿ ನನ್ನ ಕೈಗಿಟ್ಟು, “ಇವತ್ತು ಬುತ್ತಿ ಬೆಚ್ಚಗಿತ್ತು ಕಣೇ. ಇದು ಲ್ಯಾಬಿಂದಲ್ವಾ, ನಾಳೆ ವಾಪಸ್ ಇಟ್ಬಿಡು” ಎಂದಿರಿ. ಕಾಲುವೆ ಹತ್ತಿರ ಫಾಯಿಲ್ ಸುತ್ತದ ಬಿಳಿ ಬಾಟಲಿಗಳನ್ನೂ ನೀವು ನೋಡಿದ್ದಿರಿ. ಶುಕ್ರವಾರ ಬಾಟಲಿಗಳನ್ನು ಎಲ್ಲಿಟ್ಟಿದ್ದೆ ಎಂದು ಕೇಳುವಾಗ ನಿಮಗೆ ಎಲ್ಲವೂ ಗೊತ್ತಿತ್ತು. ಈ ಮಾತೊಂದನ್ನು ಇಂಜಿನಿಯರ್ ಕಿವಿಗೆ ಹಾಕಿದ್ದರೆ ನಿಮ್ಮ ಕೆಲಸ ಉಳಿಯುತ್ತಿತ್ತು, ನನ್ನದು ಹೋಗುತ್ತಿತ್ತು. ನೀವು ಹೇಳಲಿಲ್ಲ. ನಿನ್ನೆ ಹಾಳೆಯನ್ನು ಬಿಡಿಸಿ ಬಾಟಲಿಗಳಿಗೆ ಹಿಡಿದು ಅಳತೆ ನೋಡಿದೆ. ಹತ್ತಕ್ಕೂ ಸಾಕಾಗುತ್ತಿತ್ತು, ರೀ.